‘ಶ್ರೇಷ್ಠ ನಟ’ನನ್ನು ಅಳೆಯುವ ಕೋಲು ಯಾವುದು?

ರಾಷ್ಟ್ರಪ್ರಶಸ್ತಿಯ ಅತ್ಯುತ್ತಮ ನಟ ವಿಭಾಗದಲ್ಲಿ ಕನ್ನಡ ಚಿತ್ರಗಳ ಅಭಿನಯಕ್ಕಾಗಿ ಇದುವರೆಗೆ ಗೌರವ ಪಡೆದವರು ನಾಲ್ವರು. ‘ಚೋಮನ ದುಡಿ’ಯ ಎಂ.ವಿ. ವಾಸುದೇವರಾವ್, ‘ತಬರನ ಕಥೆ’ಯ ಚಾರುಹಾಸನ್, ‘ನಾನು ಅವನಲ್ಲ ಅವಳು’ ಚಿತ್ರದ ಸಂಚಾರಿ ವಿಜಯ್, ‘ಕಾಂತಾರ’ದ ರಿಷಬ್ ಶೆಟ್ಟಿ. ಕನ್ನಡದ ಶ್ರೇಷ್ಠ ನಟ ಯಾರೆಂದು ನಾಲ್ಕು ಜನ ಸೇರಿ ವಾದಕ್ಕಿಳಿದರೆ ಮೊದಲು ಬರುವ ಹೆಸರು ಈ ನಾಲ್ಕರಲ್ಲಿ ಇಲ್ಲ. ರಾಜ್‌ಕುಮಾರ್ ಅವರಿಗೆ 1992ರ ‘ಜೀವನ ಚೈತ್ರ’ಕ್ಕಾಗಿ ರಾಷ್ಟ್ರಪ್ರಶಸ್ತಿ ಬಂತು, ಆದರೆ ಅದು ಗಾಯಕನಿಗೆ ಬಂದ ಪ್ರಶಸ್ತಿ. ವಿಷ್ಣುವರ್ಧನ್ ಇಲ್ಲ, ಅನಂತನಾಗ್ ಇಲ್ಲ, ಲೋಕೇಶ್ ಇಲ್ಲ.

ಇದನ್ನು ಅನ್ಯಾಯವೆಂದು ಬೈದು ಸುಮ್ಮನಾಗುವವರಿದ್ದಾರೆ. ನನಗೆ ಇದರ ಹಿಂದಿರುವ ಕಥೆ ಮುಖ್ಯವೆನಿಸುತ್ತದೆ. ನಟನೆಯನ್ನು ಅಳೆಯಲು ನಾವು ಬೇರೆ ಬೇರೆ ಕಾಲದಲ್ಲಿ ಬೇರೆ ಬೇರೆ ಕೋಲು ಹಿಡಿದಿದ್ದೇವೆ, ಹಳೆಯದನ್ನು ಮಾತ್ರ ಯಾವತ್ತೂ ಕೆಳಗಿಟ್ಟಿಲ್ಲ. ಹಾಗಾಗಿ ವಾದ ಮಾಡುವ ಇಬ್ಬರೂ ‘ನಟನೆ’ ಎಂದೇ ಹೇಳುತ್ತಾರೆ, ಆದರೆ ಇಬ್ಬರ ಮನಸ್ಸಿನಲ್ಲಿರುವುದು ಎರಡು ಬೇರೆ ವಿದ್ಯೆ.

ಮೊದಲ ಕೋಲು ಕಂಠ. 1934ರಲ್ಲಿ ತೆರೆಕಂಡ ಮೊದಲ ಕನ್ನಡ ವಾಕ್ಚಿತ್ರ ‘ಸತಿ ಸುಲೋಚನ’ದಲ್ಲಿ ಇಂದ್ರಜಿತುವಾದ ಎಂ.ವಿ. ಸುಬ್ಬಯ್ಯನಾಯ್ಡು, ರಾವಣನಾದ ಆರ್. ನಾಗೇಂದ್ರರಾವ್, ಸುಲೋಚನೆಯಾದ ತ್ರಿಪುರಾಂಬ ಎಲ್ಲರೂ ರಂಗಭೂಮಿಯಲ್ಲಿ ಪಳಗಿದವರು. ಕಂಪನಿ ನಾಟಕದ ನಟನಿಗೆ ಕೊನೆಯ ಸಾಲಿನಲ್ಲಿ ನೆಲದ ಮೇಲೆ ಕುಳಿತವನಿಗೂ ಮಾತು ಮುಟ್ಟಿಸುವ ಹೊಣೆಯಿತ್ತು. ಹಾಡಬೇಕು, ಕಂದಪದ್ಯ ಹೇಳಬೇಕು, ಉಸಿರು ಕಟ್ಟದೆ ಉದ್ದದ ಸಂಭಾಷಣೆ ಒಪ್ಪಿಸಬೇಕು. ‘ಒನ್ಸ್ ಮೋರ್’ ಎಂದು ಕೂಗಿದರೆ ಸತ್ತು ಬಿದ್ದವನೂ ಎದ್ದು ಮತ್ತೊಮ್ಮೆ ಹಾಡಬೇಕು. ಅಂಥವರನ್ನು ತಂದು ಕ್ಯಾಮೆರಾದ ಮುಂದೆ ನಿಲ್ಲಿಸಿದಾಗ ಪ್ರೇಕ್ಷಕರ ನಿರೀಕ್ಷೆಯೂ ಅವರ ಬೆನ್ನಿಗೇ ಬಂತು.

ಗುಬ್ಬಿ ವೀರಣ್ಣನವರ ಕಂಪನಿಯಲ್ಲಿ ಬೆಳೆದ ಮುತ್ತುರಾಜ 1954ರ ‘ಬೇಡರ ಕಣ್ಣಪ್ಪ’ದಲ್ಲಿ ರಾಜ್‌ಕುಮಾರ್ ಆಗಿದ್ದು ಇದೇ ದಾರಿಯಲ್ಲಿ. ನರಸಿಂಹರಾಜು, ಜಿ.ವಿ. ಅಯ್ಯರ್ ಅವರೂ ಅದೇ ಕಂಪನಿಯಿಂದ ಬಂದು ಅದೇ ಚಿತ್ರದಲ್ಲಿ ನಟಿಸಿದರು. ಹಾಗೆ ನೋಡಿದರೆ ರಾಜ್ ಅವರ ತಂದೆ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರೇ ಹೆಸರಾಂತ ರಂಗನಟರು. ‘ಬಭ್ರುವಾಹನ’ದಲ್ಲಿ ಅರ್ಜುನನಾಗಿಯೂ ಮಗನಾಗಿಯೂ ರಾಜ್ ಎದುರುಬದುರು ನಿಂತು ಮಾತಿಗೆ ಮಾತು ಕೊಡುವಾಗ ಆ ಎರಡು ತಲೆಮಾರಿನ ತಾಲೀಮು ಕೇಳಿಸುತ್ತದೆ. ಒಂದೇ ಗಂಟಲು, ಆದರೆ ಅಪ್ಪನ ಗರ್ವಕ್ಕೆ ಒಂದು ತೂಕ, ಮಗನ ರೋಷಕ್ಕೆ ಇನ್ನೊಂದು.

ಇಲ್ಲಿ ಒಂದು ತಾರೀಖು ಗಮನಿಸಬೇಕು. ರಾಷ್ಟ್ರಪ್ರಶಸ್ತಿಯಲ್ಲಿ ನಟನಿಗೆಂದು ಗೌರವ ಆರಂಭವಾದದ್ದೇ 1967ರ ಚಿತ್ರಗಳಿಂದ. ಮೊದಲು ಪಡೆದವರು ಬಂಗಾಳದ ಉತ್ತಮ್ ಕುಮಾರ್. ‘ಭಕ್ತ ಕನಕದಾಸ’ ಬಂದದ್ದು 1960ರಲ್ಲಿ, ‘ನಾಂದಿ’ 1964ರಲ್ಲಿ. ಆಗ ಕೊಡಲು ಪ್ರಶಸ್ತಿಯೇ ಇರಲಿಲ್ಲ. ‘ನಾಂದಿ’ಯ ಶಾಲಾ ಮಾಸ್ತರನನ್ನು ನೋಡಿದವರು ರಾಜ್ ಅವರದು ಬರೀ ನಾಟಕದ ಶೈಲಿ ಎಂದು ಹೇಳಲಾರರು. ಎನ್. ಲಕ್ಷ್ಮೀನಾರಾಯಣ್ ನಿರ್ದೇಶನದ ಆ ಚಿತ್ರದಲ್ಲಿ ಅವರು ದನಿ ಏರಿಸುವುದೇ ಅಪರೂಪ. ದುಃಖವನ್ನು ಮುಖದೊಳಗೇ ಇಟ್ಟುಕೊಂಡಿರುತ್ತಾರೆ. 1962ರ ‘ಭೂದಾನ’ದಲ್ಲಿ ಕಲ್ಯಾಣ್‌ಕುಮಾರ್ ಮತ್ತು ಉದಯಕುಮಾರ್ ಅವರಿಗೆ ರಾಜ್ ತಂದೆಯಾಗಿ ನಟಿಸಿದರು, ಆಗ ಅವರಿಗೆ ಮೂವತ್ತಮೂರು ವರ್ಷ. ‘ಕುಮಾರತ್ರಯ’ರೆಂದು ಮೂವರನ್ನೂ ಒಂದೇ ಉಸಿರಿನಲ್ಲಿ ಹೇಳುತ್ತಿದ್ದ ಕಾಲದಲ್ಲಿ, ಓರಗೆಯ ನಾಯಕನಟರಿಗೆ ಅಪ್ಪನಾಗಲು ಒಪ್ಪುವ ಧೈರ್ಯ ಎಲ್ಲರಿಗೂ ಬರುವಂಥದ್ದಲ್ಲ.

ರಾಜ್ ಅವರ ಸ್ಥಾನವನ್ನು ಅಭಿನಯವೊಂದರಿಂದಲೇ ವಿವರಿಸಲು ಹೊರಟರೆ ಲೆಕ್ಕ ತಪ್ಪುತ್ತದೆ. ‘ಬೇಡರ ಕಣ್ಣಪ್ಪ’ದ ತೆಲುಗು ರೂಪವೊಂದನ್ನು ಬಿಟ್ಟರೆ ಅವರು ಬೇರೆ ಭಾಷೆಯ ಚಿತ್ರದಲ್ಲಿ ನಾಯಕರಾಗಲಿಲ್ಲ. ಬೆಂಗಳೂರಿನ ಚಿತ್ರಮಂದಿರಗಳಲ್ಲಿ ಪರಭಾಷೆಯ ಚಿತ್ರಗಳದೇ ಭರಾಟೆಯಿದ್ದ ದಿನಗಳಲ್ಲಿ ಕನ್ನಡದ ಶುದ್ಧ ಉಚ್ಚಾರ ಕೇಳಲು ಜನ ಹೋಗುತ್ತಿದ್ದುದು ಅವರ ಚಿತ್ರಕ್ಕೆ. ಶಾಲೆಗಳಲ್ಲಿ ಕನ್ನಡಕ್ಕೆ ಅಗ್ರಸ್ಥಾನ ಕೇಳಿದ ಗೋಕಾಕ್ ಚಳವಳಿಗೆ 1982ರಲ್ಲಿ ಅವರು ಇಳಿದಾಗ ಹೋರಾಟ ಹಳ್ಳಿ ಹಳ್ಳಿ ಮುಟ್ಟಿತು. ಅಲ್ಲಿಂದ ಮುಂದೆ ರಾಜ್ ಅವರ ನಟನೆಯ ಬಗ್ಗೆ ಟೀಕೆಯ ಒಂದು ಮಾತು ಆಡುವುದು ಭಾಷೆಯ ಬಗ್ಗೆ ಆಡಿದಂತೆ ಕೇಳಿಸತೊಡಗಿತು. ಅವರನ್ನು ಪ್ರೀತಿಸುವವನಾಗಿಯೇ ಹೇಳುತ್ತೇನೆ: ಇದರಿಂದ ನಷ್ಟವಾದದ್ದು ಅವರಿಗೇ. ಪೂಜೆಗೆ ಕೂರಿಸಿದ ಮೇಲೆ ‘ನಾಂದಿ’ಯ ಆ ಮೆಲುದನಿಯನ್ನು ಬಿಡಿಸಿ ನೋಡುವವರು ಕಡಿಮೆಯಾದರು.

ಎರಡನೆಯ ಕೋಲು ಸಿದ್ಧವಾದದ್ದು 1970ರ ಆಸುಪಾಸಿನಲ್ಲಿ. ‘ಸಂಸ್ಕಾರ’ದಲ್ಲಿ ಪ್ರಾಣೇಶಾಚಾರ್ಯರಾದ ಗಿರೀಶ ಕಾರ್ನಾಡರಿಗೆ ಕಂಪನಿ ನಾಟಕದ ಕಂಠ ಬೇಕಿರಲಿಲ್ಲ, ಆ ಪಾತ್ರಕ್ಕೆ ಅದು ಹೊಂದುತ್ತಲೂ ಇರಲಿಲ್ಲ. 1973ರ ‘ಕಾಡು’ ಚಿತ್ರಕ್ಕೆ ನಂದಿನಿ ಭಕ್ತವತ್ಸಲ ಅತ್ಯುತ್ತಮ ನಟಿ ಪ್ರಶಸ್ತಿ ಪಡೆದರು. ಎರಡು ವರ್ಷದ ನಂತರ ‘ಚೋಮನ ದುಡಿ’. ಶಿವರಾಮ ಕಾರಂತರ ಚೋಮ ಒಂದು ತುಂಡು ಭೂಮಿಗಾಗಿ ಹಂಬಲಿಸಿ, ಅದೂ ಸಿಗದೆ, ಮನೆ ಮಕ್ಕಳನ್ನೂ ಕಳೆದುಕೊಂಡು ದುಡಿ ಬಡಿಯುತ್ತಲೇ ಸಾಯುವವನು. ವಾಸುದೇವರಾವ್ ಆ ಪಾತ್ರದಲ್ಲಿ ಮಾತನಾಡುವುದಕ್ಕಿಂತ ಬಗ್ಗಿದ ಬೆನ್ನಿನಿಂದ, ಕುಡಿದ ಕಣ್ಣಿನಿಂದ, ದುಡಿಯ ಮೇಲೆ ಬೀಳುವ ಕೈಯಿಂದ ನಟಿಸುತ್ತಾರೆ. ಅದಕ್ಕೆ ಮೊದಲು ಸಣ್ಣಪುಟ್ಟ ಪಾತ್ರಗಳಲ್ಲಿ ಬಂದು ಹೋಗುತ್ತಿದ್ದ ಹಿರಿಯ ರಂಗನಟರನ್ನು ದೇಶ ಆಗ ಗುರುತಿಸಿತು. ಹತ್ತು ವರ್ಷ ಕಳೆದ ಮೇಲೆ ಪಿಂಚಣಿಗಾಗಿ ಕಚೇರಿಯಿಂದ ಕಚೇರಿಗೆ ಅಲೆಯುವ ತಬರನಾಗಿ ಚಾರುಹಾಸನ್ ಅದೇ ಸಾಲಿಗೆ ಸೇರಿದರು. ದೆಹಲಿಯ ತೀರ್ಪುಗಾರರ ಕೈಯಲ್ಲಿದ್ದ ಕೋಲು ಇದು: ನಟ ಕಾಣಬಾರದು, ಮನುಷ್ಯ ಕಾಣಬೇಕು.

ಜನಪ್ರಿಯ ಚಿತ್ರ, ಕಲಾತ್ಮಕ ಚಿತ್ರ ಎಂಬ ಈ ಎರಡು ಲೋಕಗಳ ನಡುವೆ ಗೋಡೆಯಿತ್ತೆಂದು ಈಗ ಬರೆಯುವವರು ಒಂದು ಮಾತು ಮರೆಯುತ್ತಾರೆ. ಕಾರ್ನಾಡ್ ಮತ್ತು ಬಿ.ವಿ. ಕಾರಂತರ ‘ವಂಶವೃಕ್ಷ’ದ ಸಣ್ಣ ಪಾತ್ರವೊಂದರಲ್ಲಿ ಇದ್ದ ಹುಡುಗ ಸಂಪತ್‌ಕುಮಾರನೇ ಮರುವರ್ಷ, 1972ರಲ್ಲಿ, ಪುಟ್ಟಣ್ಣ ಕಣಗಾಲರ ‘ನಾಗರಹಾವು’ ಚಿತ್ರದ ರಾಮಾಚಾರಿಯಾಗಿ ವಿಷ್ಣುವರ್ಧನ್ ಎನಿಸಿದ್ದು. ಶಂಕರನಾಗ್ ಕಾರ್ನಾಡರ ‘ಒಂದಾನೊಂದು ಕಾಲದಲ್ಲಿ’ ಚಿತ್ರಕ್ಕಾಗಿ ಭಾರತದ ಅಂತರರಾಷ್ಟ್ರೀಯ ಚಿತ್ರೋತ್ಸವದಲ್ಲಿ ಅತ್ಯುತ್ತಮ ನಟರಾದವರು. ಜನ ಅವರನ್ನು ಎತ್ತಿ ಮೆರೆಸಿದ್ದು ಕರಾಟೆ ಕಿಂಗ್ ಎಂದು, ಆಟೋ ಚಾಲಕರ ಅಣ್ಣನೆಂದು. ಅನಂತನಾಗ್ ಶ್ಯಾಮ್ ಬೆನಗಲ್ ಅವರ ‘ಅಂಕುರ್’ನಲ್ಲಿ ತಪ್ಪಿತಸ್ಥ ಜಮೀನ್ದಾರನಾಗಿ, ‘ಹಂಸಗೀತೆ’ಯ ಹಟಮಾರಿ ಗಾಯಕನಾಗಿ, ನಂತರ ಮನೆಮಂದಿಯೆಲ್ಲ ಕುಳಿತು ನಗುವ ಚಿತ್ರಗಳ ನಾಯಕನಾಗಿ ಸಲೀಸಾಗಿ ಓಡಾಡಿದರು. 2016ರ ‘ಗೋಧಿ ಬಣ್ಣ ಸಾಧಾರಣ ಮೈಕಟ್ಟು’ ಚಿತ್ರದ ಮರೆವಿನ ಮುದುಕನಲ್ಲಿ ಆ ಅಷ್ಟೂ ಓಡಾಟ ಇದೆ. ಅವರಿಗೆ ಪದ್ಮಭೂಷಣ ಬಂದದ್ದು 2025ರಲ್ಲಿ, ತೀರ ತಡವಾಗಿ.

ಮೂರನೆಯ ಕೋಲನ್ನು ತಂದವರು ಅಭಿಮಾನಿಗಳು. 1973ರ ‘ಗಂಧದ ಗುಡಿ’ ರಾಜ್ ಮತ್ತು ವಿಷ್ಣು ಒಟ್ಟಿಗೆ ನಟಿಸಿದ ಏಕೈಕ ಚಿತ್ರ. ಅದರ ಚಿತ್ರೀಕರಣದ ಸುತ್ತ ಎದ್ದ ವದಂತಿಗಳು ಇಬ್ಬರ ಅಭಿಮಾನಿಗಳನ್ನು ದಶಕಗಳ ಕಾಲ ಎದುರುಬದುರು ನಿಲ್ಲಿಸಿದವು. ನೂರು ದಿನ ಓಡಿದ್ದು ಯಾರದು, ಕಟೌಟ್ ಎತ್ತರ ಯಾರದು ಎಂಬಲ್ಲಿಗೆ ವಾದ ಇಳಿಯಿತು. ಬಿರುದುಗಳನ್ನೇ ನೋಡಿ. ವರನಟ, ಕಲಾಕೇಸರಿ, ಅಭಿನಯ ಶಾರದೆ, ಹಾಸ್ಯ ಚಕ್ರವರ್ತಿ ಎಂಬ ಹಳೆಯ ಬಿರುದುಗಳಲ್ಲಿ ಕಲೆಯ ಹೆಸರಿತ್ತು. ಸಾಹಸಸಿಂಹ, ರೆಬಲ್ ಸ್ಟಾರ್ ಎಂಬಲ್ಲಿಗೆ ಬರುವಾಗ ಅದು ಕಳಚಿಹೋಗಿತ್ತು. ವಿಷ್ಣುವರ್ಧನ್ 2009ರ ಡಿಸೆಂಬರ್ 30ರಂದು ತೀರಿಕೊಂಡ ಮೇಲೆ ಶ್ರೇಷ್ಠತೆಯ ವಾದ ಸ್ಮಾರಕದ ಜಾಗಕ್ಕೆ ಬಂದು ನಿಂತಿತು. ಅವರ ಅಂತ್ಯಕ್ರಿಯೆ ನಡೆದದ್ದು ಬೆಂಗಳೂರಿನ ಅಭಿಮಾನ್ ಸ್ಟುಡಿಯೋದಲ್ಲಿ. ಸ್ಮಾರಕ ಕಡೆಗೂ 2023ರಲ್ಲಿ ಮೈಸೂರಿನಲ್ಲಾಯಿತು. 2025ರ ಆಗಸ್ಟ್‌ನಲ್ಲಿ ಸ್ಟುಡಿಯೋದಲ್ಲಿದ್ದ ಸಮಾಧಿಯ ಕಟ್ಟೆಯನ್ನು ಕೆಡವಿದಾಗ ಅಭಿಮಾನಿಗಳು ಬೀದಿಗೆ ಬಂದರು. ಮರುತಿಂಗಳೇ ಸರ್ಕಾರ ಅವರಿಗೆ ಮರಣೋತ್ತರ ಕರ್ನಾಟಕ ರತ್ನ ಘೋಷಿಸಿತು. ಅಭಿಮಾನಿಗಳ ಸಂಕಟ ನಿಜವಾದದ್ದು. ಆದರೆ ಇಷ್ಟೆಲ್ಲದರಲ್ಲಿ ರಾಮಾಚಾರಿಯ ಕಣ್ಣಿನ ಬಗ್ಗೆ, ನಿಂತಲ್ಲಿ ನಿಲ್ಲಲಾಗದ ಅವನ ಚಡಪಡಿಕೆಯ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ.

ಅಭಿಮಾನ್ ಸ್ಟುಡಿಯೋ ಕಟ್ಟಿದವರು ಟಿ.ಎನ್. ಬಾಲಕೃಷ್ಣ. ಕಿವಿ ಸರಿಯಾಗಿ ಕೇಳಿಸದ ಆ ಮನುಷ್ಯ ಎದುರಿನವರ ತುಟಿ ನೋಡಿ ಮಾತಿಗೆ ಮಾತು ಹೊಂದಿಸುತ್ತ ನೂರಾರು ಚಿತ್ರಗಳಲ್ಲಿ ನಗಿಸಿದರು, ಕೇಡಿಗನಾಗಿ ಮೈ ಉರಿಸಿದರು. ಮೂರೂ ಕೋಲುಗಳು ಅವರಂಥವರನ್ನು ಅಳೆಯಲಿಲ್ಲ, ಏಕೆಂದರೆ ಮೂರನ್ನೂ ಕಡೆದದ್ದು ನಾಯಕನ ಎತ್ತರಕ್ಕೆ. ಕೆ.ಎಸ್. ಅಶ್ವಥ್ ಇಲ್ಲದ ‘ನಾಗರಹಾವು’ ನನ್ನ ಊಹೆಗೆ ನಿಲುಕುವುದಿಲ್ಲ. ಚಾಮಯ್ಯ ಮೇಷ್ಟ್ರ ಮಮತೆ ಅಷ್ಟು ಖಚಿತವಾಗಿರುವುದರಿಂದಲೇ ರಾಮಾಚಾರಿಯ ಕೋಪಕ್ಕೆ ಅರ್ಥ ಬರುವುದು. ಆದರೂ ಅಶ್ವಥ್ ‘ಪೋಷಕ ನಟ’.

ನಟಿಯರ ಮಾತು ಬಂದಾಗಲಂತೂ ನನಗೆ ಸಿಟ್ಟೇ ಬರುತ್ತದೆ. ‘ಬೆಳ್ಳಿಮೋಡ’, ‘ಗೆಜ್ಜೆಪೂಜೆ’, ‘ಶರಪಂಜರ’ ಎಂಬ ಮೂರು ಚಿತ್ರಗಳನ್ನು ಹೆಗಲ ಮೇಲೆ ಹೊತ್ತ ಕಲ್ಪನಾ ಅವರನ್ನು ‘ಶ್ರೇಷ್ಠ ನಟಿಯರು’ ಎಂಬ ಬೇರೆ ಪಂಕ್ತಿಯಲ್ಲಿ ಕೂರಿಸಿ, ‘ಶ್ರೇಷ್ಠರು’ ಎಂಬ ಮುಖ್ಯ ಪಂಕ್ತಿಗೆ ಕರೆಯದೇ ಬಿಡುತ್ತೇವೆ. ‘ಶರಪಂಜರ’ದ ಕಾವೇರಿ ಮನೋರೋಗದಿಂದ ಗುಣವಾಗಿ ಮನೆಗೆ ಮರಳಿದ ಮೇಲೆ ಸುತ್ತಲಿನವರ ಅನುಮಾನವೇ ಅವಳನ್ನು ಮತ್ತೆ ತಳ್ಳುವುದನ್ನು ಕಲ್ಪನಾ ಮಾಡಿ ತೋರಿಸುವ ಬಗೆ, ಕನ್ನಡದ ಯಾವ ನಾಯಕನಟನ ಸಾಧನೆಯ ಪಕ್ಕದಲ್ಲಿಟ್ಟರೂ ಮಂಕಾಗುವುದಿಲ್ಲ.

ನನ್ನನ್ನೇ ಕೇಳಿದರೆ, ಈ ಚರ್ಚೆಯಲ್ಲಿ ತೀರ ಬಡವಾಗಿ ಉಳಿದ ಹೆಸರು ಲೋಕೇಶ್. ಗೊರೂರರ ಕಥೆಯನ್ನಾಧರಿಸಿ ಸಿದ್ಧಲಿಂಗಯ್ಯ 1974ರಲ್ಲಿ ಮಾಡಿದ ‘ಭೂತಯ್ಯನ ಮಗ ಅಯ್ಯು’ ಚಿತ್ರವನ್ನು ಮತ್ತೊಮ್ಮೆ ನೋಡಿ. ಸುಲಿಗೆಕೋರ ಅಪ್ಪ ಸತ್ತಾಗ ಹೆಣಕ್ಕೆ ಹೆಗಲು ಕೊಡಲು ಊರು ಬರುವುದಿಲ್ಲ. ಅಯ್ಯುವಿಗೆ ಅಲ್ಲಿ ಅವಮಾನವಿದೆ, ದುಃಖವಿದೆ, ಅಪ್ಪ ಮಾಡಿದ್ದೇನೆಂಬ ಅರಿವೂ ಇದೆ. ಮೂರೂ ಒಂದೇ ಮುಖದಲ್ಲಿ ಒಂದನ್ನೊಂದು ತಳ್ಳುತ್ತವೆ. ಗುಳ್ಳನಾಗಿ ವಿಷ್ಣುವರ್ಧನ್ ಎದುರಿಗಿದ್ದೂ ಕಣ್ಣು ಅಯ್ಯುವನ್ನು ಬಿಟ್ಟು ಹೋಗುವುದಿಲ್ಲ. ನಾಲ್ಕು ವರ್ಷದ ನಂತರ ‘ಪರಸಂಗದ ಗೆಂಡೆತಿಮ್ಮ’ನಾಗಿ, ಊರೂರು ತಿರುಗಿ ಹೆಂಗಸರಿಗೆ ಶೃಂಗಾರ ಸಾಮಗ್ರಿ ಮಾರುವ ಮುಗ್ಧನಾಗಿ ಬಂದಾಗ ಅದೇ ಲೋಕೇಶ್ ಎಂದು ಗುರುತಿಸಲೂ ಒಂದು ಕ್ಷಣ ಬೇಕು. ಕಂಠವೂ ಇತ್ತು, ಸಂಯಮವೂ ಇತ್ತು. ದೊಡ್ಡ ಕಟೌಟ್ ಮಾತ್ರ ಇರಲಿಲ್ಲ.

ಲೋಕೇಶ್ ಸುಬ್ಬಯ್ಯನಾಯ್ಡು ಅವರ ಮಗ. ‘ಸತಿ ಸುಲೋಚನ’ದ ಪ್ರತಿ ಇಂದು ಎಲ್ಲಿಯೂ ಉಳಿದಿಲ್ಲ. ಕನ್ನಡ ತೆರೆಯ ಮೊದಲ ನಾಯಕ ಇಂದ್ರಜಿತುವಾಗಿ ಹೇಗೆ ನಡೆದರು, ಹೇಗೆ ಮಾತನಾಡಿದರು ಎಂದು ನೋಡುವ ದಾರಿ ನಮಗಿಲ್ಲ. ಮಗ ಅಯ್ಯುವಾಗಿ ನಡೆಯುವುದನ್ನು ನೋಡಬಹುದು.