1837ರಲ್ಲಿ ಅಪ್ಪಯ್ಯ ಗೌಡರು ಹೋರಾಡಿದ್ದು ರಾಷ್ಟ್ರಕ್ಕಾಗಿಯೇ?

ಪ್ರಶ್ನೆ: ರಾಷ್ಟ್ರೀಯತೆ ಅನ್ನುವುದು ಯುರೋಪಿನಲ್ಲಿ ಹುಟ್ಟಿದ್ದು, ಅದಕ್ಕೆ ಇನ್ನೂರೈವತ್ತು ವರ್ಷವೂ ಆಗಿಲ್ಲ ಅಂತ ಪದವಿ ಓದುವ ಮಗಳು ವಾದ ಮಾಡುತ್ತಾಳೆ. ಹಾಗಾದರೆ ನಮ್ಮ ಗುಡ್ಡೆಮನೆ ಅಪ್ಪಯ್ಯ ಗೌಡರು ಬ್ರಿಟಿಷರ ಮೇಲೆ ತಿರುಗಿಬಿದ್ದು ಗಲ್ಲಿಗೇರಿದ್ದು ಯಾತಕ್ಕೆ? ದೇಶಪ್ರೇಮ ಬೇರೆ, ರಾಷ್ಟ್ರೀಯತೆ ಬೇರೆಯೇ? (ಸೋಮವಾರಪೇಟೆ ಕಡೆಯ ಓದುಗರೊಬ್ಬರು)

ಉತ್ತರ: ಆಗಸ್ಟ್ ಬಂತೆಂದರೆ ಈ ಪ್ರಶ್ನೆ ಯಾವುದಾದರೂ ರೂಪದಲ್ಲಿ ಬಂದೇ ಬರುತ್ತದೆ. ನಿಮ್ಮ ಮಗಳು ಹೇಳಿದ್ದು ಸರಿ. ಹಾಗಂತ ಅಪ್ಪಯ್ಯ ಗೌಡರ ತೂಕವೇನೂ ಕಮ್ಮಿಯಾಗುವುದಿಲ್ಲ.

ಹುಟ್ಟಿದ ಊರು, ನೆಲದ ಮೇಲಿನ ಅಕ್ಕರೆ ಎಲ್ಲ ಕಾಲಕ್ಕೂ ಇತ್ತು. ರಾಷ್ಟ್ರೀಯತೆ ಅಕ್ಕರೆಯಲ್ಲ, ಅದೊಂದು ರಾಜಕೀಯ ವಾದ. ಆಳುವ ಹಕ್ಕು ರಾಜನ ವಂಶದ್ದಲ್ಲ, ದೇವರು ಕೊಟ್ಟದ್ದಲ್ಲ, ಯುದ್ಧ ಗೆದ್ದವನದೂ ಅಲ್ಲ. ‘ನಾವೆಲ್ಲ ಒಂದು ಜನ’ ಎಂದುಕೊಂಡವರದು, ಅವರಿಗೆ ಅವರದೇ ಸರ್ಕಾರ ಇರಬೇಕು ಎನ್ನುವುದು ಅದರ ತಿರುಳು. ಆದ್ದರಿಂದ ಹಳೆಯ ಹೋರಾಟವೊಂದನ್ನು ನೋಡುವಾಗ ಯಾರ ವಿರುದ್ಧ ನಡೆಯಿತು ಅಂತ ಕೇಳಿದರೆ ಸಾಲದು. ಯಾರ ಹೆಸರಿನಲ್ಲಿ ನಡೆಯಿತು ಅಂತ ಕೇಳಬೇಕು.

1834ರಲ್ಲಿ ಕಂಪನಿ ಸರ್ಕಾರ ಹಾಲೇರಿ ವಂಶದ ಕೊನೆಯ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ವಶಕ್ಕೆ ತೆಗೆದುಕೊಂಡಿತು. ಹಾಲೇರಿ ಅರಸರ ಕೈಯಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯವರೆಗೆ ಬೆಳೆಯ ರೂಪದಲ್ಲಿ ಕಂದಾಯ ಕಟ್ಟುತ್ತಿದ್ದ ರೈತರು ಇನ್ನು ಮೇಲೆ ನಗದನ್ನೇ ಕೊಡಬೇಕಾಯಿತು. ಕಂದಾಯದ ಗಡುವಿಗೆ ಹಣ ಹೊಂದಿಸಬೇಕೆಂದರೆ ಭತ್ತವನ್ನು ವ್ಯಾಪಾರಿ ಕೇಳಿದ ದರಕ್ಕೆ ಕೊಡಬೇಕು. ಉಪ್ಪು, ಹೊಗೆಸೊಪ್ಪಿನ ಮೇಲೂ ಸರ್ಕಾರದ ಹಿಡಿತ. 1837ರ ಮಾರ್ಚ್ ಕೊನೆಗೆ ಬೆಳ್ಳಾರೆಯ ಖಜಾನೆ ದಂಗೆಕೋರರ ಕೈಸೇರಿತು, ಏಪ್ರಿಲ್ ಮೊದಲ ವಾರದಲ್ಲಿ ಅವರು ಮಂಗಳೂರನ್ನೇ ಹಿಡಿದು ಸುಮಾರು ಎರಡು ವಾರ ಇಟ್ಟುಕೊಂಡರು. ಕೆದಂಬಾಡಿ ರಾಮಯ್ಯ ಗೌಡರಂಥವರು ಮುಂದಾಳುಗಳು. ಆದರೆ ನಿರೂಪಗಳು, ಅಂದರೆ ಅಪ್ಪಣೆಯ ಓಲೆಗಳು, ಹೊರಟದ್ದು ಕಲ್ಯಾಣಸ್ವಾಮಿಯ ಹೆಸರಿನಲ್ಲಿ. ಆ ಹೆಸರಿಟ್ಟುಕೊಂಡು ಹಾಲೇರಿ ವಂಶದ ವಾರಸುದಾರನೆಂದು ಜನರ ಮುಂದೆ ನಿಂತವನು ಪುಟ್ಟಬಸಪ್ಪ. ಅರಸ ಬೇಕು, ತೆರಿಗೆ ಬೇಡ ಎನ್ನುವುದು ಅಲ್ಲಿನ ಬೇಡಿಕೆ. ಅದೇ ವರ್ಷ ಅಕ್ಟೋಬರ್ 31ರಂದು ಅಪ್ಪಯ್ಯ ಗೌಡರನ್ನು ಮಡಿಕೇರಿ ಕೋಟೆಯಲ್ಲಿ ಗಲ್ಲಿಗೇರಿಸಿದರು.

ಇದರ ಮತ್ತೊಂದು ಮುಖವನ್ನು ಭಾಷಣಗಳಲ್ಲಿ ಯಾರೂ ಎತ್ತುವುದಿಲ್ಲ. ದಂಗೆ ಅಡಗಿಸಲು ನೆರವಾದ ಕೊಡಗಿನವರಿಗೆ ಕಂಪನಿ ಪದಕ ಹಂಚಿತು. ಅದರ ಮೇಲೆ ಕೋವಿ ಹಿಡಿದು ಕತ್ತಿ ಎತ್ತಿದ ಕೊಡಗಿನ ಯೋಧನ ಚಿತ್ರವಿದೆ, ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರಹವಿದೆ. ಆ ಬರಹ ಹೊಗಳುವುದು ಸರ್ಕಾರಕ್ಕೆ ತೋರಿದ ನಿಷ್ಠೆಯನ್ನು. ಪದಕ ಪಡೆದವರನ್ನು ದೇಶದ್ರೋಹಿಗಳೆಂದು ಕರೆಯುವುದು ನನಗೆ ಒಪ್ಪಿಗೆಯಿಲ್ಲ. ಒಕ್ಕ (ಒಂದೇ ಮನೆತನದ ಕುಟುಂಬ), ಊರು, ನಾಡು, ಅದರ ಮೇಲೊಬ್ಬ ಅರಸ. ಆ ಕಾಲದವರ ನಿಷ್ಠೆಯ ಮೆಟ್ಟಿಲುಗಳು ಇವು. ಅರಸು ಬದಲಾದಾಗ ಕೆಲವರು ಹೊಸಬನ ಕಡೆ ನಿಂತರು, ಕೆಲವರು ಹಳಬನ ಕಡೆ. ದ್ರೋಹ ಮಾಡಲು ಇಂದಿನ ಅರ್ಥದ ‘ದೇಶ’ ಇನ್ನೂ ಅವರ ಮುಂದೆ ಬಂದಿರಲಿಲ್ಲ.

ಆ ಅರ್ಥ ಮೊದಲು ಮೂಡಿದ್ದು ಬೇರೆಡೆ. 1789ರ ಫ್ರೆಂಚ್ ಕ್ರಾಂತಿಯ ಹಕ್ಕುಗಳ ಘೋಷಣೆ, ಪರಮಾಧಿಕಾರದ ಮೂಲ ರಾಷ್ಟ್ರದಲ್ಲೇ ಇದೆ ಎಂದಿತು. 1792ರ ಸೆಪ್ಟೆಂಬರ್ 20ರಂದು ವಾಲ್ಮಿಯ ಕಾಳಗದಲ್ಲಿ ಫ್ರೆಂಚ್ ಸೈನಿಕರು ‘ರಾಜನಿಗೆ ಜಯವಾಗಲಿ’ ಎನ್ನದೆ ‘ರಾಷ್ಟ್ರಕ್ಕೆ ಜಯವಾಗಲಿ’ ಎಂದು ಕೂಗಿದರು. ಮರುದಿನವೇ ಅಲ್ಲಿ ರಾಜಪ್ರಭುತ್ವ ರದ್ದಾಯಿತು. ತಮಾಷೆಯೆಂದರೆ, ಅದೇ ಫ್ರಾನ್ಸಿನಲ್ಲಿ ಅರವತ್ತು ಲಕ್ಷ ಜನರಿಗೆ ಫ್ರೆಂಚ್ ಭಾಷೆಯೇ ಬಾರದು ಎಂದು 1794ರಲ್ಲಿ ಕ್ರಾಂತಿಯ ಪರವಿದ್ದ ಪಾದ್ರಿ ಗ್ರೆಗ್ವಾರ್ ವರದಿ ಕೊಟ್ಟ. ಮೊದಲು ರಾಷ್ಟ್ರ ಅಂದರು, ಆಮೇಲೆ ಶಾಲೆ, ಸೈನ್ಯಗಳ ಮೂಲಕ ಅದಕ್ಕೆ ಬೇಕಾದ ಜನರನ್ನು ತಯಾರು ಮಾಡಿದರು. ಜರ್ಮನಿಯಲ್ಲಿ ಇದು ತಿರುಗುಮುರುಗು. ಹತ್ತಾರು ಸಂಸ್ಥಾನಗಳಾಗಿ ಹಂಚಿಹೋಗಿದ್ದ ಅವರಿಗೆ ಒಂದೇ ಸರ್ಕಾರವಿರಲಿಲ್ಲ. ಹಾಗಾಗಿ ಹರ್ಡರ್, ಫಿಕ್ಟೆಯಂಥ ಚಿಂತಕರು ಭಾಷೆ, ಜನಪದ ಹಾಡು, ಪೂರ್ವಿಕರ ನೆನಪುಗಳಲ್ಲಿ ರಾಷ್ಟ್ರವನ್ನು ಹುಡುಕಿದರು.

ಈ ಎರಡು ಬಗೆ ಫ್ರಾನ್ಸ್, ಜರ್ಮನಿಗಳ ಗಡಿಯ ಅಲ್ಸಾಸಿನಲ್ಲಿ ಡಿಕ್ಕಿ ಹೊಡೆದವು. 1871ರಲ್ಲಿ ಅದನ್ನು ಜರ್ಮನಿ ಕಿತ್ತುಕೊಂಡಿತು: ಅಲ್ಲಿಯವರ ಮಾತು ಜರ್ಮನ್, ಆದ್ದರಿಂದ ಅವರು ನಮ್ಮವರು. ಅವರನ್ನು ಕೇಳಿದಿರಾ ಎಂದು ಫ್ರೆಂಚರು ತಿರುಗಿ ಕೇಳಿದರು. ರಾಷ್ಟ್ರವೆಂದರೆ ದಿನದಿನವೂ ನಡೆಯುವ ಜನಮತ ಎಂದು 1882ರಲ್ಲಿ ಫ್ರೆಂಚ್ ಚಿಂತಕ ರೆನಾನ್ ಹೇಳಿದ್ದು ಈ ಗಾಯದ ನೋವಿನಲ್ಲೇ. ಭಾಷೆಯೊಂದೇ ಅಳತೆಯಾದರೆ ಕೊಡವ ತಕ್ಕ್, ಅರೆಭಾಷೆ, ಕನ್ನಡ, ತುಳು, ಮಲಯಾಳ, ಯರವ ಮಾತುಗಳೆಲ್ಲ ಒಂದೇ ಸಂತೆಯಲ್ಲಿ ಕೇಳಿಸುವ ನಮ್ಮ ಜಿಲ್ಲೆಯಲ್ಲಿ ಎಷ್ಟು ರಾಷ್ಟ್ರ ಎಣಿಸುವುದು?

ಎಂದೂ ಮುಖ ನೋಡದ ಲಕ್ಷಾಂತರ ಜನ ‘ನಮ್ಮವರು’ ಅನ್ನಿಸುವುದಾದರೂ ಹೇಗೆ? ಒಂದೇ ಭಾಷೆಯ ಪತ್ರಿಕೆ, ಪುಸ್ತಕಗಳನ್ನು ಊರೂರಲ್ಲಿ ಓದುವುದರಿಂದ ಎಂದು ವಿದ್ವಾಂಸ ಬೆನೆಡಿಕ್ಟ್ ಆಂಡರ್ಸನ್ 1983ರಲ್ಲಿ ವಾದಿಸಿದರು. ಎಲ್ಲ ದೇಶಕ್ಕೂ ಇದು ಸರಿಹೊಂದುವುದಿಲ್ಲ, ಆದರೆ ನಮ್ಮ ಕಡೆಗೆ ಚೆನ್ನಾಗಿ ಒಪ್ಪುತ್ತದೆ. ಕನ್ನಡದ ಮೊದಲ ಪತ್ರಿಕೆ ‘ಮಂಗಳೂರು ಸಮಾಚಾರ’ ಹೊರಟದ್ದು 1843ರಲ್ಲಿ, ಅಮರ ಸುಳ್ಯದ ದಂಗೆಗೆ ಆರು ವರ್ಷ ತಡವಾಗಿ. ಹೊರತಂದ ಜರ್ಮನ್ ಪಾದ್ರಿ ಹರ್ಮನ್ ಮೋಗ್ಲಿಂಗ್ ಮುಂದೆ ಕೊಡಗಿಗೂ ಬಂದರು. 1837ರ ಸುದ್ದಿ ಓಲೆಯಲ್ಲಿ, ಬಾಯಿಮಾತಿನಲ್ಲಿ ಹರಡಿತು. ಅದು ತಲುಪಿದಷ್ಟು ದೂರಕ್ಕೇ ಹೋರಾಟವೂ ತಲುಪಿತು.

ಸುಮಾರು ನೂರು ವರ್ಷ ಬಿಟ್ಟು 1934ರ ಫೆಬ್ರುವರಿಗೆ ಬನ್ನಿ. ಗಾಂಧೀಜಿ ಕೊಡಗಿಗೆ ಬಂದಾಗ ಸುಂಟಿಕೊಪ್ಪದ ಹತ್ತಿರದ ಗುಂಡುಕುಟ್ಟಿಯಲ್ಲಿದ್ದ ಗೌರಮ್ಮ, ಅವರು ತಮ್ಮ ಮನೆಗೆ ಬರಲೇಬೇಕೆಂದು ಉಪವಾಸ ಕೂತರು. ಗಾಂಧೀಜಿ ಬಂದರು, ಗೌರಮ್ಮ ಒಡವೆ ಬಿಚ್ಚಿ ಹರಿಜನ ನಿಧಿಗೆ ಕೊಟ್ಟರು. ಕನ್ನಡದಲ್ಲಿ ಕಥೆ ಬರೆಯುತ್ತಿದ್ದ ಇಪ್ಪತ್ತೆರಡರ ಆಸುಪಾಸಿನ ಹೆಣ್ಣುಮಗಳು ಅವರು. ಗುಜರಾತಿನ ಒಬ್ಬ ಮುದುಕ ಅವರಿಗೆ ಅರಸನಲ್ಲ, ಒಕ್ಕದ ಹಿರಿಯನೂ ಅಲ್ಲ. ಆದರೂ ನಮ್ಮವನು ಅನ್ನಿಸಿದ. ರಾಷ್ಟ್ರೀಯತೆ ಕೊಡಗಿಗೆ ಬಂದದ್ದಕ್ಕೆ ಇದಕ್ಕಿಂತ ಸ್ಪಷ್ಟವಾದ ಗುರುತು ನನಗೆ ಕಾಣುವುದಿಲ್ಲ. ಅಪ್ಪಯ್ಯ ಗೌಡರನ್ನು ನಾವು ಸ್ವಾತಂತ್ರ್ಯ ಹೋರಾಟಗಾರರೆಂದು ಕರೆಯುವುದೂ ಆ ಮೇಲೆಯೇ. ಪ್ರತಿ ರಾಷ್ಟ್ರವೂ ತನಗಿಂತ ಹಿರಿಯರನ್ನು ಹೀಗೆ ದತ್ತು ತೆಗೆದುಕೊಳ್ಳುತ್ತದೆ. ಅದರಲ್ಲಿ ತಪ್ಪು ಹುಡುಕಬೇಕಿಲ್ಲ. ಅಪ್ಪಯ್ಯ ಗೌಡರು ಕಂಪನಿಯ ಆಳ್ವಿಕೆಯಿಂದ ಬಿಡುಗಡೆ ಬೇಕೆಂದೇ ಹೋರಾಡಿದವರು.

ಮಗಳ ಜೊತೆ ವಾದ ಮುಂದುವರಿಸುವುದಾದರೆ ಇನ್ನೊಂದು ಎಳೆ ಕೊಡುತ್ತೇನೆ. ಕೊಡಗನ್ನು ಸೇರಿಸಿಕೊಂಡ 1834ರ ಘೋಷಣೆಯಲ್ಲಿ ಕಂಪನಿ ಕೊಟ್ಟ ಕಾರಣ ಯುದ್ಧದ ಗೆಲುವಲ್ಲ, ಇಲ್ಲಿನ ನಿವಾಸಿಗಳ ಸರ್ವಾನುಮತದ ಇಚ್ಛೆ! ಆ ನಿವಾಸಿಗಳು ಮತ ಹಾಕಿರಲಿಲ್ಲ. ನಿಜವಾಗಿ ಮತ ಹಾಕಿದ್ದು 1952ರಲ್ಲಿ, ಕೊಡಗು ಪ್ರತ್ಯೇಕ ರಾಜ್ಯವಾಗಿದ್ದಾಗ. ಮೈಸೂರಿನೊಡನೆ ವಿಲೀನವೇ ಆ ಚುನಾವಣೆಯ ದೊಡ್ಡ ವಿಷಯ. ವಿಲೀನಕ್ಕೆ ಒಲಿದಿದ್ದ ಕಾಂಗ್ರೆಸ್ಸಿಗೆ 24ರಲ್ಲಿ 15 ಸ್ಥಾನ ಬಂದು ಸಿ. ಎಂ. ಪೂಣಚ್ಚ ಮುಖ್ಯಮಂತ್ರಿಯಾದರು, ಎದುರು ನಿಂತ ತಕ್ಕಡಿ ಗುರುತಿನವರಿಗೆ 9. ತಕ್ಕಡಿಯ ಮುಂದಾಳು ಪಂದ್ಯಂಡ ಬೆಳ್ಯಪ್ಪನವರೂ ಅಪ್ಪಟ ಗಾಂಧಿವಾದಿಯೇ. 1956ರ ನವೆಂಬರ್ 1ರಂದು ಕೊಡಗು ಮೈಸೂರಿಗೆ ಸೇರಿತು. ಸೇರಬಾರದಿತ್ತು ಎನ್ನುವವರು ಇಂದಿಗೂ ನಮ್ಮ ನಡುವೆ ಇದ್ದಾರೆ. ಅವರು ವಾದ ಹೂಡುವುದೂ ಜನರ ಹೆಸರಿನಲ್ಲೇ. ಹಾಲೇರಿಯ ವಾರಸುದಾರನನ್ನು ಯಾರೂ ಹುಡುಕುತ್ತಿಲ್ಲ.