ಜೋಳದ ಡಬ್ಬಿಯಲ್ಲಿ ಎರಡು ದಿನ

ಕಳೆದ ಬೇಸಿಗೆಯಲ್ಲಿ ನನ್ನ ಫೋನ್ ಬೋರ್‌ವೆಲ್ ನೀರು ತುಂಬಿದ ಬಕೆಟ್ಟಿಗೆ ಬಿತ್ತು. ತಕ್ಷಣ ಎತ್ತಿ ಒರೆಸಿದೆ. ಸ್ಕ್ರೀನ್ ಬೆಳಗುತ್ತಿತ್ತು. ಉಳಿಯಿತು ಅಂದುಕೊಂಡು ಚಾರ್ಜಿಗೆ ಹಾಕಿದೆ. ಹತ್ತು ನಿಮಿಷಕ್ಕೆ ಆರಿಹೋಯಿತು. ಅಕ್ಕಿಯಲ್ಲಿ ಇಡಬೇಕು ಅಂತಾರಲ್ಲ, ನಮ್ಮ ಕಲಬುರಗಿ ಮನೆಯಲ್ಲಿ ಅವ್ವ ಜೋಳದ ಡಬ್ಬಿಯಲ್ಲಿ ಹುಗಿದಿಟ್ಟಳು. ಎರಡು ದಿನವಾದರೂ ಜೀವ ಬರಲಿಲ್ಲ.

ಸೂಪರ್ ಮಾರ್ಕೆಟ್ ಹತ್ತಿರದ ರಿಪೇರಿ ಅಂಗಡಿಗೆ ಒಯ್ದೆ. "ನೀರಾಗ ಬಿದ್ದ ಮ್ಯಾಲ ಚಾರ್ಜಿಗೆ ಹಚ್ಚಿದ್ರೇನ್ರಿ?" ಹುಡುಗ ಮೊದಲು ಕೇಳಿದ್ದೇ ಇದನ್ನು. ಬೋರ್ಡ್ ಬಿಚ್ಚಿ ಮೈಕ್ರೋಸ್ಕೋಪಿನಲ್ಲಿ ತೋರಿಸಿದ. ಚಾರ್ಜಿಂಗ್ ಪಿನ್ನುಗಳ ಸುತ್ತ ಹಸಿರು ಪುಡಿ. ತೊಳೆಯದೆ ಬಿಟ್ಟ ತಾಮ್ರದ ಕೊಡಕ್ಕೆ ಹಿಡಿಯುತ್ತಲ್ಲ, ಅದೇ ಕಿಲುಬು.

ಶುದ್ಧ ನೀರಿನಲ್ಲಿ ಕರೆಂಟ್ ಅಷ್ಟಾಗಿ ಹರಿಯುವುದಿಲ್ಲ. ಹರಿಯುವಂತೆ ಮಾಡುವುದು ಅದರಲ್ಲಿ ಕರಗಿದ ಉಪ್ಪು. ನಮ್ಮ ಬೋರ್‌ವೆಲ್ಲಿನಂಥ ಸವಳು ನೀರಿನಲ್ಲಿ ಅದು ಜಾಸ್ತಿ. ಕರೆಂಟಿನಿಂದ ನೀರನ್ನು ಜಲಜನಕ, ಆಮ್ಲಜನಕವಾಗಿ ಒಡೆಯಲು ಲೆಕ್ಕದ ಪ್ರಕಾರ 1.23 ವೋಲ್ಟ್ ಸಾಕು. ಫೋನ್ ಬ್ಯಾಟರಿಯಲ್ಲಿರುವುದು ಸುಮಾರು 3.7ರಿಂದ 4.2 ವೋಲ್ಟ್. ಒದ್ದೆ ಬೋರ್ಡಿನಲ್ಲಿ ಕರೆಂಟ್ ಇರುವಷ್ಟು ಹೊತ್ತೂ ಪ್ಲಸ್ ಕಡೆಯ ತಾಮ್ರ ಕರಗುತ್ತದೆ, ಮೈನಸ್ ಕಡೆ ಸೇರಿ ಬೇರಿನ ಹಾಗೆ ಕವಲೊಡೆಯುತ್ತದೆ. ಹೈಸ್ಕೂಲಿನಲ್ಲಿ ಓದಿದ ವಿದ್ಯುದ್ವಿಭಜನೆಯೇ ಇದು. ಆ ಬೇರು ಪಕ್ಕದ ಗೆರೆಯನ್ನು ಮುಟ್ಟಿದರೆ ಶಾರ್ಟ್.

ಹಾಗಾಗಿ ಮೊದಲ ಕೆಲಸ ಒಣಗಿಸುವುದಲ್ಲ, ಆಫ್ ಮಾಡುವುದು. ಆನ್ ಆಗುತ್ತಾ ಅಂತ ಸುಮ್ನೆ ಒತ್ತಿ ನೋಡಲೂಬೇಡಿ. ಸಿಮ್ ಟ್ರೇ ತೆಗೆದು, ಚಾರ್ಜಿಂಗ್ ಬಾಯಿ ಕೆಳಗೆ ಮಾಡಿ ಮೆಲ್ಲಗೆ ತಟ್ಟಿ. ಗಾಳಿಯಾಡುವ ಕಡೆ ಇಡಿ. ಮೇ ತಿಂಗಳಲ್ಲಿ ಮಾಳಿಗೆ ಬಿಸಿಲಿಗೆ ಮಾತ್ರ ಬೇಡ, ನಮ್ಮ 40 ಡಿಗ್ರಿ ಬಿಸಿಲು ಬ್ಯಾಟರಿಗೆ ಕೇಡು. ಫೋನಿನ ಮೇಲೆ ಐಪಿ68, ಅಂದರೆ ನೀರು ತಡೆಯುವ ಪರೀಕ್ಷೆ ಪಾಸಾದ ಗುರುತು, ಇದ್ದರೂ ಧೈರ್ಯ ಬೇಡ. ಆ ಪರೀಕ್ಷೆ ನಡೆಯುವುದು ಸಿಹಿನೀರಿನಲ್ಲಿ.

ಜೋಳವಾಗಲಿ ಅಕ್ಕಿಯಾಗಲಿ, ಬೋರ್ಡಿನ ತಗಡಿನ ಮುಚ್ಚಳದ ಕೆಳಗೆ ಸಿಕ್ಕಿಕೊಂಡ ಹನಿಯನ್ನು ಎಳೆಯಲಾರದು. ಕಾಳಿನ ಪುಡಿ ಒಳಗೆ ಸೇರುತ್ತದೆ ಅಷ್ಟೇ. ಆ್ಯಪಲ್ ಕಂಪನಿ ಕೂಡ ಅಕ್ಕಿಯಲ್ಲಿ ಇಡಬೇಡಿ ಅಂತಲೇ ಹೇಳಿದೆ. ಇನ್ನೂ ಒಂದಿದೆ. ನೀರು ಆರಿದರೂ ಉಪ್ಪು ಅಲ್ಲೇ ಕೂತಿರುತ್ತದೆ, ನೀರು ಕಾಸುವ ಪಾತ್ರೆಯ ತಳದ ಬಿಳಿ ಪದರದ ಹಾಗೆ. ಗಾಳಿಯ ತೇವ ತಾಗಿದರೆ ಮತ್ತೆ ತಿನ್ನಲು ಶುರು.

ಹುಡುಗ ಐಸೊಪ್ರೊಪೈಲ್ ಆಲ್ಕೋಹಾಲ್ ಹಾಕಿ ಮೆತ್ತನೆ ಬ್ರಷ್ಷಿನಿಂದ ಉಜ್ಜಿದ. ಅದು ನೀರಿನ ಜೊತೆ ಬೆರೆತು ಬೇಗ ಹಾರಿಹೋಗುತ್ತದೆ, ಬ್ರಷ್ಷು ಕಿಲುಬನ್ನು ಎಬ್ಬಿಸುತ್ತದೆ. ಚಾರ್ಜಿಂಗ್ ಪಟ್ಟಿ ಬದಲಿಸಿದ ಮೇಲೆ ಫೋನ್ ಎದ್ದಿತು. ಕೈಗೆ ಕೊಡುತ್ತಾ ಹೇಳಿದ: "ಫೋಟೋ ಎಲ್ಲಾ ಇವತ್ತೇ ಬ್ಯಾರೆ ಕಡೆ ತಕ್ಕೊಳ್ರಿ. ಒಮ್ಮೆ ಕಿಲುಬು ಹಿಡದ ಬೋರ್ಡಿಗಿ ಗ್ಯಾರಂಟಿ ಇಲ್ರಿ."