ಅಲುಗಾಡಬೇಡ, ನಗು: ಪುಟ್ಟ ಮಕ್ಕಳ ಫೋಟೋಗೆ ತಯಾರಿ ಕುರಿತ ಟಿಪ್ಪಣಿ

ಕ್ಯಾಮೆರಾ ಕಲಿಯೋಕೆ ಶುರು ಮಾಡಿದಾಗ ನನ್ನ ಕೈಗೆ ಮೊದಲು ಸಿಕ್ಕಿದ್ದು ಅಕ್ಕನ ಮಗಳು. ಆಗ ಅವಳಿಗೆ 3 ವರ್ಷ. ಮಧ್ಯಾಹ್ನ ಒಂದೂವರೆ, ಊಟ ಆಗಿಲ್ಲ, ಅವಳು ಮಲಗುವ ಹೊತ್ತು. ಮೈಮೇಲೆ ಹೊಸ ಜರಿ ಲಂಗ. ಸುತ್ತ ಐದು ಜನ ನಿಂತು ಒಟ್ಟಿಗೆ "ಇಲ್ನೋಡು ಪುಟ್ಟಿ, ನಗು, ಅಲುಗಾಡ್ಬೇಡ" ಅಂತ ಕೂಗುತ್ತಿದ್ದರು. ಮುನ್ನೂರು ಫೋಟೋ ತೆಗೆದೆ. ಎಲ್ಲದರಲ್ಲೂ ಹಲ್ಲು ಕಿರಿದುಕೊಂಡ ಯಾವುದೋ ಮಗು. ದಿನವಿಡೀ ಮನೆ ತುಂಬ ಕುಣಿಯುವ ನಮ್ಮ ಪುಟ್ಟಿ ಒಂದರಲ್ಲೂ ಸಿಗಲಿಲ್ಲ. ಅವತ್ತು ಎಲ್ಲಿ ಎಡವಿದೆ ಅಂತ ಹುಡುಕುತ್ತಾ ಬರೆದಿಟ್ಟುಕೊಂಡ ಟಿಪ್ಪಣಿ ಇದು.

ಆ ಎರಡು ಮಾತು ಎಲ್ಲಿಂದ ಬಂದವು?

ಮೊದಲು "ಅಲುಗಾಡಬೇಡ". ಇದು ಹಳೆ ಕ್ಯಾಮೆರಾಗಳ ಕಷ್ಟ. 1839ರಲ್ಲಿ ಫ್ರಾನ್ಸಿನ ದಾಗೆರ್ ಅವರ ಫೋಟೋ ತೆಗೆಯುವ ವಿಧಾನ ಹೊರಬಂದಾಗ ಒಂದು ಚಿತ್ರಕ್ಕೆ ನಿಮಿಷಗಟ್ಟಲೆ ಬೆಳಕು ಬೇಕಿತ್ತು. ಬರಬರುತ್ತಾ ಅದು ಸೆಕೆಂಡುಗಳಿಗೆ ಇಳಿಯಿತು. ಆದರೂ ಮಗು ಅಷ್ಟು ಹೊತ್ತು ಕೂರಬೇಕಲ್ಲ! ಅದಕ್ಕೆ ಆಗಿನ ಸ್ಟುಡಿಯೋಗಳಲ್ಲಿ ತಾಯಿಯ ತಲೆ ಮೇಲಿಂದ ಬಟ್ಟೆ ಹೊದಿಸಿ, ತೊಡೆ ಮೇಲೆ ಮಗುವನ್ನು ಕೂರಿಸಿ, ಅವಳನ್ನೇ ಕುರ್ಚಿ ಮಾಡಿಬಿಡುತ್ತಿದ್ದರು. ಅಂಥ ಚಿತ್ರ ಸಿಕ್ಕರೆ ದೊಡ್ಡದು ಮಾಡಿ ನೋಡಿ, ಕೆಲವದರಲ್ಲಿ ಬಟ್ಟೆಯಡಿಯಿಂದ ಒಂದು ಕೈ ಇಣುಕುತ್ತಿರುತ್ತದೆ.

ಕಲ್ಕತ್ತೆಯಲ್ಲಿ ಹುಟ್ಟಿದ ಜೂಲಿಯಾ ಮಾರ್ಗರೆಟ್ ಕ್ಯಾಮೆರಾನ್ ಇಂಗ್ಲೆಂಡಿನಲ್ಲಿ ಫೋಟೋಗ್ರಫಿ ಶುರು ಮಾಡಿದಾಗ ಅವರಿಗೆ 48 ವರ್ಷ. ಇಬ್ಬರು ಮಕ್ಕಳನ್ನು ಕೂರಿಸಿ ಚಿತ್ರ ತೆಗೆಯುವಾಗ ನಡುವೆ ಒಂದು ಮಗು ಕಿಸಕ್ಕನೆ ನಕ್ಕಿತು, ಚಿತ್ರ ಹಾಳಾಯಿತು. ಆಮೇಲೆ ಒಂದೇ ಹುಡುಗಿಯನ್ನು ಕೂರಿಸಿಕೊಂಡು, ನೀನು ಅಲುಗಾಡಿದರೆ ನನ್ನ ಕೆಮಿಕಲ್ ಎಲ್ಲ ದಂಡ ಅಂತ ಗೋಗರೆದರಂತೆ. 1864ರ ಆ ಚಿತ್ರವನ್ನೇ ಅವರು ತಮ್ಮ ಮೊದಲ ಗೆಲುವು ಎಂದು ಕರೆದರು. ನೋಡಿ, ಆಗ ನಗುವೇ ಫೋಟೋಗೆ ಶತ್ರು! ಈಗ ನಮ್ಮ ಕೈಯಲ್ಲಿ ಸೆಕೆಂಡಿನ 500ನೇ ಒಂದು ಭಾಗದಲ್ಲಿ ತೆರೆದು ಮುಚ್ಚಿಕೊಳ್ಳುವ ಶಟರ್ (ಬೆಳಕನ್ನು ಒಳಬಿಡುವ ಪರದೆ) ಇದೆ. ಕ್ಯಾಮೆರಾದ ಕಷ್ಟ ಮುಗಿದು ಎಷ್ಟೋ ಕಾಲವಾಯಿತು, ನಮ್ಮ ಬಾಯಲ್ಲಿ ಆ ಮಾತು ಮಾತ್ರ ಉಳಿದುಬಿಟ್ಟಿದೆ.

ಇನ್ನು "ನಗು". ದುಶೆನ್ ಎಂಬ ಫ್ರೆಂಚ್ ವೈದ್ಯರು ಮುಖದ ಸ್ನಾಯುಗಳಿಗೆ ಸಣ್ಣಗೆ ಕರೆಂಟ್ ಕೊಟ್ಟು ನೋಡಿ, 1862ರಲ್ಲಿ ಆ ಬಗ್ಗೆ ಪುಸ್ತಕ ತಂದರು. ತುಟಿಯನ್ನು ಎಳೆಯುವ ಸ್ನಾಯು ಹೇಳಿದ ಮಾತು ಕೇಳುತ್ತದೆ. ಕಣ್ಣಿನ ಸುತ್ತಲಿನ ಸ್ನಾಯು ಅಷ್ಟು ಸುಲಭಕ್ಕೆ ಕೇಳುವುದಿಲ್ಲ, ಅದಕ್ಕೆ ನಿಜವಾದ ಖುಷಿಯೇ ಬೇಕು. ನಗು ಅಂದ ಕೂಡಲೇ ಮಕ್ಕಳು ಬರೀ ಹಲ್ಲು ತೋರಿಸುವುದು ಇದಕ್ಕೇ. ಪಾಪ, ಅವರು ನಾವು ಹೇಳಿದ್ದನ್ನೇ ಮಾಡಿರುತ್ತಾರೆ.

ಹಿಂದಿನ ದಿನದ ಕೆಲಸ

ಇದು ಹೆಚ್ಚಾಗಿ ದೊಡ್ಡವರ ತಯಾರಿ. ಫೋನಿನಲ್ಲಿ ತಾಯಿಯನ್ನು ಮೊದಲು ಕೇಳಬೇಕಾದದ್ದು "ಮಗು ಎಷ್ಟು ಹೊತ್ತಿಗೆ ಮಲಗುತ್ತೆ, ಎಷ್ಟು ಹೊತ್ತಿಗೆ ಏಳುತ್ತೆ?" ಅಂತ. ನಿದ್ದೆ ಮುಗಿದು, ಹೊಟ್ಟೆ ತುಂಬಿದ ಮೇಲಿನ ಅರ್ಧ ಮುಕ್ಕಾಲು ಗಂಟೆ ನಮ್ಮದು. ಬೆಳಕು ಎಷ್ಟೇ ಚೆನ್ನಾಗಿದ್ದರೂ ರಚ್ಚೆ ಹಿಡಿದ ಮಗುವಿನ ಮುಂದೆ ಅದೇನೂ ಮಾಡುವುದಿಲ್ಲ.

ಬಟ್ಟೆ ಈಗಾಗಲೇ ನಾಲ್ಕು ಸಲ ಒಗೆದದ್ದು ಇರಲಿ. ಜರಿ ಕಂಕುಳಲ್ಲಿ ಚುಚ್ಚುತ್ತದೆ, ಹೊಸ ಶೂ ಕಚ್ಚುತ್ತದೆ. ಅಜ್ಜಿ ರೇಷ್ಮೆ ಲಂಗವೇ ಬೇಕು ಅಂದರೆ ಒಳಗೆ ಮೆತ್ತನೆಯ ಬನಿಯನ್ ಹಾಕಿಸಿ, ಕೊನೆಯ ಹತ್ತು ನಿಮಿಷಕ್ಕೆ ಇಟ್ಟುಕೊಳ್ಳಿ. ಕೆನ್ನೆಯ ದೃಷ್ಟಿ ಬೊಟ್ಟನ್ನು ಒರೆಸಿ ಅಂತ ಮಾತ್ರ ಹೇಳಬೇಡಿ. ಹೇಳಿ ನೋಡಿದ್ದೇನೆ, ಆ ಮನೆಯಲ್ಲಿ ಮತ್ತೆ ಕಾಫಿ ಸಿಗಲಿಲ್ಲ.

ಮಗುವಿಗೂ ಇರುವುದನ್ನು ಇದ್ದ ಹಾಗೆ ಹೇಳಬೇಕು: "ನಾಳೆ ಒಬ್ರು ಅಂಕಲ್ ಬರ್ತಾರೆ, ನಾವು ಆಟ ಆಡ್ತಿರೋಣ, ಅವ್ರು ಫೋಟೋ ತೆಗೀತಾರೆ." ಇಷ್ಟು ಸಾಕು. ಒಂದು ಮನೆಯಲ್ಲಿ ತಾತ "ಸುಮ್ನೆ ಕೂರದಿದ್ರೆ ಅಂಕಲ್ ಸೂಜಿ ಚುಚ್ತಾರೆ" ಅಂದುಬಿಟ್ಟರು. ನಾನು ಬ್ಯಾಗಿನ ಜಿಪ್ ಎಳೆದೆ ನೋಡಿ, ಮಗು ಮಂಚದ ಕೆಳಗೆ.

ಹೋದ ಕೂಡಲೇ

ಕ್ಯಾಮೆರಾ ಬ್ಯಾಗಿನಲ್ಲೇ ಇರಲಿ. ನೆಲದ ಮೇಲೆ ಕೂತು ಮಗುವಿನ ಆಟ ನೋಡಿ. ಆಮೇಲೆ ಕ್ಯಾಮೆರಾ ತೆಗೆದು ಅದರ ಕೈಯಲ್ಲೇ ಒಂದೆರಡು ಸಲ ಒತ್ತಿಸಿ. ಗೊಂಬೆಯ ಫೋಟೋ ತೆಗೆಯಲಿ, ಅಮ್ಮನದು ತೆಗೆಯಲಿ. ಎಂಟೊಂಬತ್ತು ತಿಂಗಳ ಮಕ್ಕಳಿಗೆ ಹೊಸಬರನ್ನು ಕಂಡರೆ ಭಯ, ಅದು ಆ ವಯಸ್ಸಿನ ಸಹಜ ಹಂತ. ಅವರು ಅಮ್ಮನ ತೊಡೆ ಮೇಲೇ ಇರಲಿ. ನೀವು ದೂರದ ಮುಖವನ್ನೂ ದೊಡ್ಡದಾಗಿ ತೋರಿಸುವ 85 ಎಂಎಂ ಲೆನ್ಸ್ ಹಾಕಿ ದೂರದಿಂದ ತೆಗೆಯಿರಿ. ಮೊಬೈಲನ್ನು ಮುಖದ ಹತ್ತಿರ ಹಿಡಿದರೆ ಮೂಗು ದಪ್ಪ ಕಾಣುತ್ತದೆ, ಮಗುವೂ ಹೆದರುತ್ತದೆ.

ಸೆಟ್ಟಿಂಗ್ ಬಗ್ಗೆ ಹೆಚ್ಚು ತಲೆ ಕೆಡಿಸಿಕೊಳ್ಳಬೇಡಿ. ಕೂತು ಆಡುವಾಗ ಶಟರ್ 1/250 ಸೆಕೆಂಡ್, ಓಡುವಾಗ 1/500 ಅಥವಾ ಅದಕ್ಕಿಂತ ವೇಗ. ಐಎಸ್‌ಒ (ಬೆಳಕಿಗೆ ಕ್ಯಾಮೆರಾ ಎಷ್ಟು ಸೂಕ್ಷ್ಮ ಅನ್ನುವ ಅಳತೆ) ಆಟೋ, ಫೋಕಸ್ ಕಣ್ಣಿನ ಮೇಲೆ, ನಿಮ್ಮ ಕಣ್ಣು ಮಗುವಿನ ಕಣ್ಣಿನ ಮಟ್ಟಕ್ಕೆ. ಅಂದರೆ ಮೊಣಕಾಲು ಊರಲೇಬೇಕು.

ಬೆಳಕಿಗೆ ಹಳೆ ಮನೆಯ ಜಗಲಿಯಂಥ ಜಾಗ ಇನ್ನೊಂದಿಲ್ಲ. ಮೇಲೆ ಸೂರು, ಮುಂದೆ ತೆರೆದ ಆಕಾಶ, ಕಣ್ಣಲ್ಲಿ ಸಣ್ಣ ಹೊಳಪು ತಾನಾಗಿ ಬರುತ್ತದೆ. ಆದರೆ ಕೆಂಪು ರೆಡ್ ಆಕ್ಸೈಡ್ ನೆಲ ಇದ್ದರೆ ಹುಷಾರು. ನೆಲದ ಬಣ್ಣ ಮೇಲಕ್ಕೆ ಹೊಡೆದು ಗಲ್ಲದ ಕೆಳಗೆಲ್ಲ ಕೆಂಪಾಗುತ್ತದೆ. ನಾನು ಇದನ್ನು ಕಂಪ್ಯೂಟರಿನಲ್ಲಿ ಸರಿಮಾಡಲು ಒಂದು ಸಂಜೆ ಕಳೆದೆ. ಫ್ರೇಮಿಗೆ ಬೀಳದ ಹಾಗೆ ಮಗುವಿನ ಮುಂದೆ ಒಂದು ಬಿಳಿ ಪಂಚೆ ಹಾಸಿದರೆ ಮುಗಿಯಿತು, ಬೆಳಕನ್ನು ಮುಖಕ್ಕೆ ತಿರುಗಿಸುವ ರಿಫ್ಲೆಕ್ಟರ್ ಕೂಡ ಅದೇ. ಅಪಾರ್ಟ್‌ಮೆಂಟ್ ಆದರೆ ಬಾಲ್ಕನಿ ಬಾಗಿಲ ಪಕ್ಕ ಕೂರಿಸಿ, ಟ್ಯೂಬ್‌ಲೈಟ್ ಆರಿಸಿ.

ಕೈಗೊಂದು ಕೆಲಸ

ಪೋಸ್ ಹೇಳಿಕೊಡುವ ಬದಲು ಕೆಲಸ ಕೊಡಿ. ಗಿಡಕ್ಕೆ ನೀರು ಹಾಕುವುದು, ಕಣ್ಣಾಮುಚ್ಚಾಲೆ, ಅಪ್ಪನ ಚಪ್ಪಲಿ ಹಾಕಿಕೊಂಡು ನಡೆಯುವುದು. ಪುಟ್ಟಿಗೆ ನಾಲ್ಕು ತುಂಬಿದ ಮೇಲೆ, ಜನವರಿಯಲ್ಲಿ, ಮತ್ತೆ ಪ್ರಯತ್ನಿಸಿದೆ. ಅಜ್ಜಿ ಜಗಲಿಯಲ್ಲಿ ನೆನೆಸಿದ ಅವರೆಕಾಳು ಹಿತುಕುತ್ತಿದ್ದರು. ಇವಳೂ ಪಕ್ಕದಲ್ಲಿ ಕೂತಳು. ಹೆಬ್ಬೆರಳು, ತೋರುಬೆರಳ ನಡುವೆ ಕಾಳು ಹಿಡಿದು, ತುಟಿ ಕಚ್ಚಿ ಒತ್ತಿದಳು. ಬೇಳೆ ಪುಳಕ್ಕನೆ ಹಾರಿ ಅಜ್ಜಿಯ ಕನ್ನಡಕಕ್ಕೆ ಬಿತ್ತು. ಒಂದು ಕ್ಷಣ ಇಬ್ಬರೂ ಸುಮ್ಮನೆ. ಆಮೇಲೆ ನಗು. ತುಟಿ ಕಚ್ಚಿದಾಗಿನಿಂದ ನಗು ಮುಗಿಯುವವರೆಗೆ ಬೆರಳನ್ನು ಶಟರ್ ಗುಂಡಿಯಿಂದ ಎತ್ತಲಿಲ್ಲ, 22 ಫೋಟೋ ಬಂದವು. ಅಕ್ಕ ಆರಿಸಿದ್ದು ನಗುವಿನದಲ್ಲ, ತುಟಿ ಕಚ್ಚಿದ್ದು. (ಇನ್ನೂ ಚಿಕ್ಕ ಮಕ್ಕಳ ಕೈಗೆ ಕಾಳು ಕೊಡಬೇಡಿ, ಬಾಯಿಗೆ, ಮೂಗಿಗೆ ಹಾಕಿಕೊಳ್ಳುತ್ತಾರೆ.)

ಅಷ್ಟರಲ್ಲಿ ಅವಳು "ಮಾಮ, ಸಾಕು" ಅಂದಳು. ನನಗೆ ಇನ್ನೊಂದು ಹತ್ತು ತೆಗೆಯುವ ಆಸೆ. ಲೆನ್ಸಿಗೆ ಮುಚ್ಚಳ ಹಾಕಿ, ನಾನೂ ಕಾಳು ಹಿತುಕಲು ಕೂತೆ.